ಚೆರೋಕೀ ಯುದ್ಧದ ಕಾದಂಬರಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನ 1760ರಲ್ಲಿ ಬ್ರಿಟಿಷರ ಫೋರ್ಟ್ ಲೌಡನ್ ಕೋಟೆಗೆ ಹಾಕಿದ ಮುತ್ತಿಗೆಯನ್ನು ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಕತೆ ಹೇಳುವವನು ಕೋಟೆಯೊಳಗಿನ ಒಬ್ಬ ಬ್ರಿಟಿಷ್ ಸೈನಿಕ. ಅರ್ಧ ಮುಗಿದರೂ ಚೆರೋಕೀ ಜನ ಸುಮ್ನೆ ಕಾಡಿನ ಮರೆಯಿಂದ ಗುಂಡು ಹಾರಿಸುವವರಾಗಿಯೇ ಉಳಿದಿದ್ದಾರೆ. ಇಂಥ ವಸ್ತು ಬರೆದವರು ಹೇಗೆ ನಿಭಾಯಿಸಿದಿರಿ?

ಉತ್ತರ: ಇದೇ ಯುದ್ಧದ ಮೇಲೆ ನಾನೊಂದು ನೀಳ್ಗತೆ ಬರೆದಿದ್ದೇನೆ. ಮುತ್ತಿಗೆಯಿಂದ ಶುರು ಮಾಡಬೇಡಿ, 1758ಕ್ಕೆ ಹೋಗಿ. ಆಗ ಚೆರೋಕೀಗಳು ಬ್ರಿಟಿಷರ ಕಡೆಯವರು, ಫ್ರೆಂಚರ ಮೇಲೆ ಯುದ್ಧಕ್ಕೆ ಹೋಗಿದ್ದವರು. ಊರಿಗೆ ಮರಳುವ ದಾರಿಯಲ್ಲಿ ಕುದುರೆಗಳ ವಿಷಯಕ್ಕೆ ಜಗಳವಾಗಿ ವರ್ಜೀನಿಯಾದ ವಲಸಿಗರು ಅವರಲ್ಲಿ ಹಲವರನ್ನು ಕೊಂದರು. ಸತ್ತವನ ಕುಲದವರು ಸಾವಿಗೆ ಸಾವು ತೀರಿಸಲೇಬೇಕು, ಅದು ಆಗಿನ ಅವರ ಕಟ್ಟಳೆ. ಕೊಂದವನೇ ಸಿಗಬೇಕೆಂದಿಲ್ಲ, ಅವನ ಕಡೆಯವರು ಯಾರಾದರೂ ಸರಿ. ಇದು ಗೊತ್ತಾದರೆ ಗಡಿಯ ಮನೆಗಳ ಮೇಲಿನ ದಾಳಿ ಓದುಗನಿಗೆ ಬರೀ ಕ್ರೌರ್ಯವಾಗಿ ಕಾಣುವುದಿಲ್ಲ.

ಆಮೇಲೆ 1759. ಶಾಂತಿಯ ಮಾತಿಗೆಂದು ಚಾರ್ಲ್ಸ್‌ಟನ್‌ಗೆ ಬಂದ ಮುಖಂಡರನ್ನೇ ದಕ್ಷಿಣ ಕ್ಯಾರೊಲಿನಾದ ಗವರ್ನರ್ ಲಿಟಲ್ಟನ್ ಹಿಡಿದಿಟ್ಟ. ಅವರಲ್ಲಿ ಓಕೊನೊಸ್ಟೋಟ ಎಂಬ ಮುಖಂಡನನ್ನು ಬಿಟ್ಟರು, ಉಳಿದವರು ಬ್ರಿಟಿಷರ ಇನ್ನೊಂದು ಕೋಟೆಯಾದ ಫೋರ್ಟ್ ಪ್ರಿನ್ಸ್ ಜಾರ್ಜ್‌ನಲ್ಲಿ ಒತ್ತೆಯಾಳುಗಳಾದರು. 1760ರ ಫೆಬ್ರವರಿಯಲ್ಲಿ ಓಕೊನೊಸ್ಟೋಟ ಅಲ್ಲಿನ ದಳಪತಿಯನ್ನು ಮಾತಿಗೆಂದು ಹೊರಗೆ ಕರೆಸಿ ಗುಂಡು ಹೊಡೆಸಿದ. ಒಳಗಿದ್ದ ಸೈನಿಕರು ಒತ್ತೆಯಾಳುಗಳನ್ನು ಕೊಂದುಹಾಕಿದರು. ಫೋರ್ಟ್ ಲೌಡನ್ ಸುತ್ತ ಮುತ್ತಿಗೆ ಹಾಕಿದ ಚೆರೋಕೀಗಳಿಗೆ ಈ ಸುದ್ದಿ ಗೊತ್ತಿತ್ತು. ನಿಮ್ಮ ಸೈನಿಕನಿಗೂ ಗೊತ್ತಿರಲಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ, ಆದರೆ ಹೆಂಗಸರು ಎಲ್ಲಿ? ಆ ಕೋಟೆಯ ಎಷ್ಟೋ ಸೈನಿಕರಿಗೆ ಚೆರೋಕೀ ಹೆಂಡತಿಯರಿದ್ದರು. ಮುತ್ತಿಗೆ ನಡೆಯುತ್ತಿದ್ದಾಗಲೂ ಅವರು ಗಂಡಂದಿರಿಗೆ ಊಟ ತಲುಪಿಸುತ್ತಿದ್ದರು. ಕೊಲ್ಲುತ್ತೇನೆಂದು ಚೆರೋಕೀ ಮುಖಂಡನೊಬ್ಬ ಹೆದರಿಸಿದರೆ ನಕ್ಕುಬಿಟ್ಟರಂತೆ. ನಮ್ಮನ್ನು ಕೊಂದರೆ ನಮ್ಮ ಕಡೆಯವರು ನಿನ್ನನ್ನು ಬಿಡುವುದಿಲ್ಲ ಎಂದರಂತೆ. ಮರುವರ್ಷ ಆ ಊರುಗಳಿಗೆ ಹೋಗಿದ್ದ ಹೆನ್ರಿ ಟಿಂಬರ್‌ಲೇಕ್ ಎಂಬ ವರ್ಜೀನಿಯಾದ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ನೋಡಿ, ಕೊಲ್ಲಿಸುವ ಕಟ್ಟಳೆಯೇ ಇಲ್ಲಿ ಕಾಯುತ್ತದೆ! ಆಗ ಅವರಲ್ಲಿ ಕುಲ ನಡೆಯುತ್ತಿದ್ದುದು ತಾಯಿಯ ಕಡೆಯಿಂದ, ಹೊಲ ಮನೆ ಹೆಂಗಸರ ಕೈಯಲ್ಲಿತ್ತು. ಆ ಧೈರ್ಯ ಅಲ್ಲಿಂದ ಬಂದದ್ದು ಅಲ್ವಾ? ನಾನಾದರೆ ಕತೆಯನ್ನು ಅಂಥ ಒಬ್ಬ ಹೆಂಡತಿಯ ಕೈಗೇ ಕೊಡುತ್ತೇನೆ. ಅವಳು ಎರಡೂ ಕಡೆ ಓಡಾಡುತ್ತಾಳೆ. ನಿಮ್ಮ ಸೈನಿಕ ಗೋಡೆ ದಾಟಲಾರ.

ಮತ್ತೊಬ್ಬರು: ಆಗಸ್ಟ್‌ನಲ್ಲಿ ಕೋಟೆ ಶರಣಾಗಿ, ಹೊರಟ ಸೈನಿಕರ ಮೇಲೆ ದಾಳಿ ನಡೆದಲ್ಲಿಗೆ ಕತೆ ಮುಗಿಸಬೇಡಿ, ದಯವಿಟ್ಟು. ಅಲ್ಲಿಗೆ ನಿಲ್ಲಿಸಿದರೆ ಕೊನೆಗೆ ನೊಂದವರು ಬ್ರಿಟಿಷರು ಮಾತ್ರ ಎಂದಾಗುತ್ತದೆ. 1761ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜೇಮ್ಸ್ ಗ್ರಾಂಟ್‌ನ ಸೈನ್ಯ 15 ಚೆರೋಕೀ ಊರುಗಳನ್ನೂ ಬೆಳೆದು ನಿಂತ ಮೆಕ್ಕೆಜೋಳವನ್ನೂ ಸುಟ್ಟಿತು. ಜನ ಬೆಟ್ಟಕ್ಕೆ ಓಡಿದರು, ತಿನ್ನಲು ಏನೂ ಉಳಿಯಲಿಲ್ಲ. ಆ ಹೆಂಡತಿಯೇ ಕತೆ ಹೇಳುವುದಾದರೆ ಅವಳ ನಂಟರು ಆ ಊರುಗಳಲ್ಲಿ ಒಂದರಲ್ಲಿರಲಿ. ಆಗ ಆ ಅಧ್ಯಾಯ ಬರೆಯದೆ ನಿಮಗೆ ಬೇರೆ ದಾರಿ ಇರುವುದಿಲ್ಲ.