ಬಜೆಟ್ ಚಿಕ್ಕದು, ಸೌಂಡ್ ಚೆನ್ನಾಗಿರಬೇಕು: ಡಬ್ಬದ ಮೇಲಿನ ಯಾವ ಅಂಕಿ ನಂಬಲಿ?

ರಾತ್ರಿಕೇಳುಗ:

ಎಲ್ಲರಿಗೂ ನಮಸ್ಕಾರ. ನನ್ನ ವೈರ್‌ಲೆಸ್ ಇಯರ್‌ಬಡ್ ಎರಡು ವರ್ಷ ತುಂಬುವ ಮೊದಲೇ ಕೈಕೊಟ್ಟಿತು. ಬಲಗಡೆಯದು ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಎಡಗಡೆಯದು ಗಟ್ಟಿಮುಟ್ಟಾಗಿದೆ. ಒಂದೇ ಕಿವಿಯಲ್ಲಿ ಹಾಡು ಕೇಳಿ ಏನು ಮಾಡಲಿ? ಬ್ಯಾಟರಿ ಬದಲಾಯಿಸಲು ಆಗಲ್ಲ, ಹೊಸದೇ ತಗೊಳ್ಳಿ ಅಂದರು.

ನನ್ನ ಹತ್ತಿರ ಇರುವುದು ತೀರಾ ಕಡಿಮೆ ದುಡ್ಡು. ತಗೊಂಡ ಮೇಲೆ ಸರಿ ಇಲ್ಲ ಅಂತ ಇನ್ನೊಂದು ತಗೊಳ್ಳುವ ಸ್ಥಿತಿಯಲ್ಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಒಂದು ಡಬ್ಬದ ಮೇಲೆ 50 ಮಿಮೀ ಡ್ರೈವರ್ ಅಂತಿದೆ, ಇನ್ನೊಂದರ ಮೇಲೆ 10 ಹರ್ಟ್ಸ್‌ನಿಂದ 40 ಕಿಲೋಹರ್ಟ್ಸ್ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ, ಮೂರನೆಯದು ಬಾಸ್ ಬಾಸ್ ಅಂತ ಮೂರು ಕಡೆ ಕೂಗುತ್ತಿದೆ. ಯಾವುದನ್ನು ನೋಡಬೇಕು?

ಕೇಳುವುದು ಹೆಚ್ಚಾಗಿ ರಾತ್ರಿ, ಪಕ್ಕದಲ್ಲೇ ತಮ್ಮ ಮಲಗಿರುತ್ತಾನೆ. ಹಾಡಿನ ಮಾತು ಸ್ಪಷ್ಟವಾಗಿ ಕೇಳಬೇಕು, ತಬಲಾ ಮೃದಂಗ ಬಂದಾಗ ಸ್ವಲ್ಪ ತೂಕ ಇರಬೇಕು, ಅಷ್ಟೇ. ಫೋನ್‌ನಲ್ಲಿ ಹೆಡ್‌ಫೋನ್ ತೂತು ಇಲ್ಲ, ಟೈಪ್ ಸಿ ಮಾತ್ರ.

ಹಳೇಟೇಪು:

ಮೊದಲು ಆ ಡಬ್ಬಗಳನ್ನು ತಲೆಕೆಳಗು ಮಾಡಿ ಇಟ್ಟುಬಿಡಿ.

ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ, ಅದೂ ಎಳೆ ವಯಸ್ಸಿನಲ್ಲಿ. ವಯಸ್ಸಾದಂತೆ ಮೇಲಿನ ಕಡೆಯಿಂದ ಸವೆಯುತ್ತಾ ಬರುತ್ತದೆ. 40 ಕಿಲೋಹರ್ಟ್ಸ್ ಇದ್ದರೆ ಬಾವಲಿಗೆ ಖುಷಿಯಾಗಬಹುದು. ಅದೂ ಅಲ್ಲದೆ, ಎಷ್ಟು ಡೆಸಿಬಲ್ ಏರುಪೇರಿನ ಒಳಗೆ ಅಂತ ಹೇಳದೆ ಈ ಅಂಕಿ ಕೊಟ್ಟರೆ ಅದಕ್ಕೆ ಅರ್ಥವೇ ಇಲ್ಲ. 10 ಹರ್ಟ್ಸ್‌ನಲ್ಲಿ ಸದ್ದು ಬರುತ್ತದೆ ಸರಿ, ಪಿಸುಮಾತಿನಷ್ಟು ಬರುತ್ತದೋ ಹಾಡಿಗೆ ಸಮನಾಗಿ ಬರುತ್ತದೋ ಯಾರಿಗೆ ಗೊತ್ತು?

ಡ್ರೈವರ್ ಅಂದರೆ ಒಳಗೆ ಅದುರಿ ಸದ್ದು ಮಾಡುವ ಭಾಗ, ಅದರ ಅಳತೆಯೂ ಹಾಗೇ. ಕಿವಿಯೊಳಗೆ ಬಿಗಿಯಾಗಿ ಕೂತ 10 ಮಿಮೀ ಡ್ರೈವರು, ಸಡಿಲವಾಗಿ ಕೂತ 50 ಮಿಮೀ ಡ್ರೈವರಿಗಿಂತ ಜಾಸ್ತಿ ಬಾಸ್ ಕೊಡುತ್ತದೆ.

ಬೆಲೆ ನೋಡಿ ಹೆದರಬೇಡಿ ಕೂಡ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನುವವರು 283 ಹೆಡ್‌ಫೋನ್‌ಗಳ ಅಳತೆ ಇಟ್ಟುಕೊಂಡು ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ (ಬಾಸ್‌ನಿಂದ ಕೀಚಲಿನವರೆಗೆ ಯಾವ ಸದ್ದು ಎಷ್ಟು ಜೋರಾಗಿ ಬರುತ್ತದೆ ಅನ್ನುವುದು) ನಂಟಿದೆಯಾ ಅಂತ ನೋಡಿದರು. ನಂಟೇ ಕಾಣಲಿಲ್ಲ. ಅಂದರೆ ಅಗ್ಗದ್ದೆಲ್ಲ ಒಳ್ಳೆಯದು ಅಂತಲ್ಲ ಮತ್ತೆ, ಅಗ್ಗದ್ದರಲ್ಲೂ ಒಳ್ಳೆಯದು ಇದೆ, ದುಬಾರಿಯದ್ದರಲ್ಲೂ ಕೆಟ್ಟದ್ದಿದೆ ಅಂತ. ಹುಡುಕಬೇಕು ಅಷ್ಟೇ.

ನನ್ನ ಓಟು ಕಾಸ್ ಕಂಪನಿಯ ಪೋರ್ಟಾ ಪ್ರೋ ಹೆಡ್‌ಫೋನ್‌ಗೆ. 1984ರಿಂದ ಇವತ್ತಿನವರೆಗೂ ಮಾರಾಟದಲ್ಲಿದೆ, ನೋಡಲು ಆಟದ ಸಾಮಾನಿನ ಥರ ಇದೆ, ಕಿವಿಗೆ ಇಟ್ಟರೆ ಮಾತ್ರ ನಂಬಲಾಗದಷ್ಟು ಬೆಚ್ಚಗಿನ ಸೌಂಡು. ಅದಕ್ಕೂ ಕಡಿಮೆ ಬೇಕಂದರೆ ಅದೇ ಕಂಪನಿಯ ಕೆಎಸ್‌ಸಿ75 ಇದೆ, ಕಿವಿಗೆ ಕ್ಲಿಪ್ ಥರ ಸಿಕ್ಕಿಸುವುದು.

ತಂತಿಪ್ರೇಮಿ:

ಹಳೇಟೇಪು ಗುರುಗಳೇ, ಪ್ರಶ್ನೆ ಪೂರ್ತಿ ಓದಿದ್ರಾ? ಪಕ್ಕದಲ್ಲಿ ತಮ್ಮ ಮಲಗಿದ್ದಾನೆ ಅಂತ ಬರೆದಿದ್ದಾರೆ! ಪೋರ್ಟಾ ಪ್ರೋ ಓಪನ್ ಬ್ಯಾಕು. ಹಿಂದುಗಡೆ ತೆರೆದಿರುತ್ತದೆ, ನಿಮ್ಮ ಕಿವಿಗೆ ಕೇಳುವ ಹಾಡು ಕೋಣೆಗೂ ಕೇಳುತ್ತದೆ. ಒಬ್ಬರೇ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಸದ್ದು ತಲೆಯೊಳಗೆ ಒತ್ತಿದ ಹಾಗಲ್ಲದೆ ಸುತ್ತ ಹರಡಿದ ಹಾಗೆ ಕೇಳುವುದು ಓಪನ್ ಬ್ಯಾಕಲ್ಲೇ. ಆದರೆ ಇಲ್ಲಿ ತಮ್ಮ ಎದ್ದು ಬಯ್ಯುತ್ತಾನೆ.

ರಾತ್ರಿಕೇಳುಗ, ನಿಮ್ಮ ದುಡ್ಡಿಗೆ ಮತ್ತು ನಿಮ್ಮ ಕೋಣೆಗೆ ವೈರ್ ಇರುವ ಇನ್-ಇಯರ್ ತಗೊಳ್ಳಿ, ಕಿವಿಯ ಕಾಲುವೆಯೊಳಗೆ ಕೂರುವಂಥದ್ದು. ಕಾರಣ ಸರಳ. ಅದೇ ದುಡ್ಡಿನಲ್ಲಿ ವೈರ್‌ಲೆಸ್ ಮಾಡುವವರು ಬ್ಯಾಟರಿ, ಬ್ಲೂಟೂತ್ ಚಿಪ್ಪು, ಮೈಕು, ಚಾರ್ಜಿಂಗ್ ಡಬ್ಬ ಎಲ್ಲಕ್ಕೂ ಹಂಚಬೇಕು. ಸೌಂಡಿಗೆ ಉಳಿಯುವುದು ಎಷ್ಟು? ವೈರಿನದ್ದರಲ್ಲಿ ಖರ್ಚಾಗುವುದು ಡ್ರೈವರಿಗೆ, ಅದರ ಟ್ಯೂನಿಂಗಿಗೆ ಅಂದರೆ ಬಾಸು, ಮಾತು, ಚುರುಕು ಸದ್ದು ಎಲ್ಲ ಹದವಾಗಿ ಬರುವಂತೆ ಹೊಂದಿಸುವುದಕ್ಕೆ, ಒಂದು ಪ್ಲಾಸ್ಟಿಕ್ ಚಿಪ್ಪಿಗೆ. ಈಗ ಈ ವರ್ಗದಲ್ಲಿ ಮೂನ್‌ಡ್ರಾಪ್ ಚೂ 2, 7ಹರ್ಟ್ಸ್ ಝೀರೋ ಥರದ್ದು ನೋಡಿ. ಐದಾರು ವರ್ಷದ ಹಿಂದೆ ಇಷ್ಟು ಕಡಿಮೆಗೆ ಇಂಥ ಸೌಂಡು ಕನಸಾಗಿತ್ತು.

ಒಂದು ಕಡ್ಡಾಯ: ವೈರ್ ಕಳಚಿ ಬದಲಾಯಿಸುವಂತಿರಬೇಕು. ಇಯರ್‌ಫೋನ್ ಸಾಯುವುದು ಬಹುಪಾಲು ಪಿನ್ ಹತ್ತಿರ ವೈರ್ ಮುರಿದು, ಡ್ರೈವರ್ ಹಾಳಾಗಿ ಅಲ್ಲ. 0.78 ಮಿಮೀ ಎರಡು ಪಿನ್ನಿನ ವೈರು ಬಿಡಿಯಾಗಿ ಸಿಗುತ್ತದೆ. ಮೊದಲ ಚೂ ಇತ್ತಲ್ಲ, ಅದರ ವೈರ್ ಅಂಟಿಕೊಂಡೇ ಇರುತ್ತಿತ್ತು, ಹಳೆಯದು ಯಾರಾದರೂ ಕೊಟ್ಟರೆ ಇದನ್ನು ನೋಡಿಕೊಳ್ಳಿ.

ಗಾಳಿಮಾತು:

ವೈರ್ ವೈರ್ ಅಂತೀರಲ್ಲ ಎಲ್ಲರೂ, ಅಡುಗೆ ಮಾಡುತ್ತಾ ಬಟ್ಟೆ ಒಣಗಿಸುತ್ತಾ ಹಾಡು ಕೇಳುವವರ ಗತಿ? ಬಾಗಿಲ ಹಿಡಿಗೆ ವೈರ್ ಸಿಕ್ಕಿ ಫೋನ್ ನೆಲಕ್ಕೆ ಬಿದ್ದಾಗ ಗೊತ್ತಾಗುತ್ತದೆ. ವೈರ್‌ಲೆಸ್ ಸೌಂಡು ಕೆಟ್ಟದು ಅನ್ನುವುದು ಹಳೇ ಮಾತು. ಕೋಡೆಕ್ ಬಗ್ಗೆ, ಅಂದರೆ ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನದ ಬಗ್ಗೆ, ಜನ ಸುಮ್ನೆ ಜಗಳ ಆಡುತ್ತಾರೆ, ಎಲ್‌ಡ್ಯಾಕ್ ಅನ್ನುವ ಕೋಡೆಕ್ 990 ಕೆಬಿಪಿಎಸ್ ತನಕ ಹೋಗುತ್ತದೆ ನಿಜ, ಆದರೆ ಟ್ಯೂನಿಂಗ್ ಕೆಟ್ಟದಾಗಿದ್ದರೆ ಆ ಕೆಟ್ಟ ಸೌಂಡನ್ನೇ ಚೊಕ್ಕಟವಾಗಿ ತಂದುಕೊಡುತ್ತದೆ. ಸಾದಾ ಎಸ್‌ಬಿಸಿ ಕೋಡೆಕ್‌ನಲ್ಲೂ ಒಳ್ಳೇ ಇಯರ್‌ಬಡ್ ಒಳ್ಳೆಯದಾಗೇ ಕೇಳುತ್ತದೆ.

ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಸೋಲುತ್ತೇನೆ, ಒಪ್ಪಿದೆ. ನನ್ನದೂ ಮೂರನೆಯದು ಇದು. ಆಮೇಲೆ ಕಾಲ್ ಬಂದು ಮೈಕ್ ಆನ್ ಆದ ಕೂಡಲೇ ಸೌಂಡು ಡಬ್ಬದೊಳಗಿಂದ ಬಂದ ಹಾಗಾಗುತ್ತದೆ, ಬ್ಲೂಟೂತ್ ಆಗ ಕಾಲ್‌ನ ಮೋಡ್‌ಗೆ ಇಳಿಯುವುದರಿಂದ. ಅದು ಇಯರ್‌ಬಡ್ ಕೆಟ್ಟಿದ್ದಲ್ಲ.

ರಾತ್ರಿಕೇಳುಗ:

ಓಪನ್ ಬ್ಯಾಕ್ ವಿಷಯ ಗೊತ್ತೇ ಇರಲಿಲ್ಲ, ತಮ್ಮನ ಪರವಾಗಿ ಥ್ಯಾಂಕ್ಸ್. ಗಾಳಿಮಾತು ಹೇಳಿದ್ದು ನಿಜ, ಆದರೆ ನಾನು ಮಲಗಿಕೊಂಡೇ ಕೇಳುವುದು, ವೈರ್ ಇದ್ದರೆ ತೊಂದರೆ ಇಲ್ಲ. ಹಾಗಾದರೆ ಇನ್-ಇಯರ್. ಟೈಪ್ ಸಿಗೆ ಏನು ಮಾಡಲಿ? ಓಮ್ ಅಂತೆಲ್ಲ ಬರೆದಿರುತ್ತಾರಲ್ಲ, ನನ್ನ ಫೋನ್ ಅದನ್ನು ನಡೆಸುತ್ತದಾ?

ಅಳತೆಗೋಲು:

ಟೈಪ್ ಸಿಯಿಂದ 3.5 ಮಿಮೀಗೆ ಬದಲಾಯಿಸುವ ಗಿಡ್ಡ ವೈರ್‌ಗಳಲ್ಲಿ ಎರಡು ಜಾತಿ. ಒಂದರೊಳಗೆ ಡ್ಯಾಕ್ ಚಿಪ್, ಅಂದರೆ ಫೋನಿನ ಡಿಜಿಟಲ್ ಹಾಡನ್ನು ಇಯರ್‌ಫೋನ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಚಿಪ್, ಇರುತ್ತದೆ, ಇನ್ನೊಂದು ಬರೀ ತಂತಿ. ಬರೀ ತಂತಿಯದ್ದು ಕೆಲವು ಫೋನ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಿಮ್ಮದರಲ್ಲಿ ಸದ್ದೇ ಬರದಿರಬಹುದು. ಡ್ಯಾಕ್ ಇರುವುದನ್ನೇ ಕೇಳಿ ತಗೊಳ್ಳಿ. ಚಿಕ್ಕದು, ಅಗ್ಗದ್ದು ಸಾಕು, ಬೆರಳುದ್ದದ ದುಬಾರಿ ಡಬ್ಬಿಗಳ ಹಿಂದೆ ಈಗಲೇ ಹೋಗಬೇಡಿ. ಕೆಲವು ಇಯರ್‌ಫೋನ್‌ಗಳು ಟೈಪ್ ಸಿ ಪಿನ್ನಿನ ಜೊತೆಯಲ್ಲೇ ಬರುತ್ತವೆ, ಅದೂ ಆಗುತ್ತದೆ.

ಡಬ್ಬದ ಅಂಕಿಗಳಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಎರಡೇ, ಇಂಪಿಡೆನ್ಸ್ (ಓಮಿನಲ್ಲಿ ಬರೆಯುವ ವಿದ್ಯುತ್ ತಡೆ) ಮತ್ತು ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಅನ್ನುವುದು), ಅವೂ ಒಳ್ಳೆಯ ಸೌಂಡಾ ಅಂತ ಹೇಳುವುದಿಲ್ಲ, ಜೋರಾಗಿ ಕೇಳುತ್ತದಾ ಅಂತ ಮಾತ್ರ ಹೇಳುತ್ತವೆ. ಎರಡನ್ನೂ ಜೊತೆಗಿಟ್ಟು ನೋಡಬೇಕು. 32 ಓಮಿನದ್ದೊಂದು, 250 ಓಮಿನದ್ದೊಂದು, ಎರಡರ ಮೇಲೂ ಒಂದು ಮಿಲಿವ್ಯಾಟಿಗೆ 100 ಡೆಸಿಬಲ್ ಅಂತ ಬರೆದಿದೆ ಅಂದುಕೊಳ್ಳಿ. ಒಂದೇ ಫೋನಿಗೆ, ಒಂದೇ ವಾಲ್ಯೂಮಿನಲ್ಲಿ ಹಾಕಿದರೆ 250 ಓಮಿನದ್ದು ಸುಮಾರು 9 ಡೆಸಿಬಲ್ ಕಡಿಮೆ ಕೇಳುತ್ತದೆ. ಫೋನ್ ಕೊಡುವುದು ವೋಲ್ಟೇಜು, ಓಮ್ ಜಾಸ್ತಿ ಇದ್ದಷ್ಟೂ ಅದೇ ವೋಲ್ಟೇಜಿನಿಂದ ಸಿಗುವ ಪವರ್ ಕಡಿಮೆ. ಇನ್ನೊಂದು ಮೋಸ ಏನೆಂದರೆ ಕೆಲವರು ಮಿಲಿವ್ಯಾಟಿಗೆ ಇಷ್ಟು ಅಂತ ಬರೆಯುತ್ತಾರೆ, ಕೆಲವರು ವೋಲ್ಟಿಗೆ ಇಷ್ಟು ಅಂತ. 32 ಓಮಿನ ಒಂದೇ ಇಯರ್‌ಫೋನ್‌ಗೆ ವೋಲ್ಟಿನ ಲೆಕ್ಕದಲ್ಲಿ ಬರೆದರೆ 15 ಡೆಸಿಬಲ್ ಜಾಸ್ತಿ ಕಾಣುತ್ತದೆ. ಸುಳ್ಳಲ್ಲ, ಅಳತೆಯೇ ಬೇರೆ.

ಇನ್-ಇಯರ್‌ಗೆ ಈ ತಲೆನೋವು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಿ, ಯಾವ ಫೋನ್ ಬೇಕಾದರೂ ನಡೆಸುತ್ತದೆ.

ತಗೊಂಡ ಮೇಲೆ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ, ಪ್ರತಿ ಸಲ ಹೇಳುತ್ತದೆ, ನನ್ನ ಕಿವಿಯೂ. ಇನ್ನು ನೂರು ಗಂಟೆ ಹಾಡು ಹಾಕಿ ಬಿಡಿ, ಆಮೇಲೆ ಸೌಂಡ್ ಅರಳುತ್ತದೆ ಅಂತ ಯಾರಾದರೂ ಹೇಳಿದರೆ ನಗಿ. ಬದಲಾಗುವುದು ನಿಮ್ಮ ಅಭ್ಯಾಸ. ಅಷ್ಟರಲ್ಲಿ ವಾಪಸ್ ಕೊಡುವ ದಿನ ಕಳೆದಿರುತ್ತದೆ.

ಹಳೇಟೇಪು:

ತಮ್ಮನ ವಿಷಯ ಓದಿರಲಿಲ್ಲ, ತಪ್ಪಾಯ್ತು. ಆದರೂ ಪೋರ್ಟಾ ಪ್ರೋ ಪೋರ್ಟಾ ಪ್ರೋನೇ.

ತಂತಿಪ್ರೇಮಿ:

ಹಠ ಬಿಡಲ್ಲ ಇವರು.

ರಾತ್ರಿಕೇಳುಗ, ಬಂದ ಮೇಲೆ ಒಂದು ಕೆಲಸ ಮರೆಯದೆ ಮಾಡಿ. ಡಬ್ಬದಲ್ಲಿ ಮೂರು ಅಳತೆಯ ರಬ್ಬರ್ ಟಿಪ್ ಇರುತ್ತವೆ, ನಡುವಿನದ್ದನ್ನು ಅವರೇ ಹಾಕಿ ಕಳಿಸಿರುತ್ತಾರೆ, ಜನ ಉಳಿದವನ್ನು ಡಬ್ಬದಲ್ಲೇ ಬಿಟ್ಟು ಬಾಸ್ ಇಲ್ಲ ಅಂತ ಬಯ್ಯುತ್ತಾರೆ. ಟಿಪ್ಪಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಬಾಸ್ ಸೋರಿಹೋಗುತ್ತದೆ, ಉಳಿಯುವುದು ಚುರುಚುರು ಸದ್ದು. ಹಾಡು ಹಾಕಿಕೊಂಡು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ ನೋಡಿ. ಒತ್ತಿದಾಗ ಬಾಸ್ ಒಮ್ಮೆಲೇ ಏರಿದರೆ ಟಿಪ್ ಸರಿ ಕೂತಿಲ್ಲ ಅಂತ ಅರ್ಥ. ದೊಡ್ಡದು ಹಾಕಿ. ದೊಡ್ಡ ಹೆಡ್‌ಫೋನ್‌ಗೂ ಇದೇ ಕಥೆ, ಕನ್ನಡಕದ ಕಾಲು ಕುಶನ್ ಎತ್ತಿ ಹಿಡಿದರೆ ಅಲ್ಲೇ ಬಾಸ್ ಹೊರಗೆ.

ಅಳತೆಗೋಲು:

ಟಿಪ್ ಸರಿ ಮಾಡಿದ ಮೇಲೂ ಏನಾದರೂ ಚುಚ್ಚಿದರೆ ಈಕ್ವಲೈಜರ್ ಇದೆ, ಬಾಸು ಚುರುಕು ಬೇರೆಬೇರೆಯಾಗಿ ಏರಿಸಿ ಇಳಿಸುವ ಆ್ಯಪ್, ಅದಕ್ಕೆ ದುಡ್ಡು ಬೇಡ. ಆಂಡ್ರಾಯ್ಡ್‌ಗೆ ವೇವ್‌ಲೆಟ್, ವಿಂಡೋಸ್‌ಗೆ ಈಕ್ವಲೈಜರ್ ಎಪಿಒ. ಆಟೋ ಈಕ್ಯೂ ಅನ್ನುವ ಪ್ರಾಜೆಕ್ಟ್‌ನಲ್ಲಿ ಸಾವಿರಾರು ಮಾಡೆಲ್‌ಗಳಿಗೆ ಸಿದ್ಧ ಸೆಟ್ಟಿಂಗ್ ಸಿಗುತ್ತದೆ. ಮಾತು ಗುಂಯ್‌ಗುಡುತ್ತಿದ್ದರೆ 200 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿ. ಸಸಸ ಅಂತ ಚುಚ್ಚಿದರೆ 6ರಿಂದ 8 ಕಿಲೋಹರ್ಟ್ಸ್ ಕಡೆ ಇಳಿಸಿ. ಇಯರ್‌ಫೋನಿನ ಅಳತೆಯ ಗ್ರಾಫಿನಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಗುಡ್ಡ ಕಂಡರೆ ಮಾತ್ರ ಗಾಬರಿಯಾಗಿ ಸಪಾಟು ಮಾಡಬೇಡಿ, ನಮ್ಮ ಕಿವಿಯ ಕಾಲುವೆಯೇ ಅಲ್ಲಿ ಸದ್ದನ್ನು ಏರಿಸುತ್ತದೆ, ಇಯರ್‌ಫೋನ್ ಹಾಕಿದಾಗ ಅದು ತಪ್ಪುವುದರಿಂದ ಆ ಗುಡ್ಡವನ್ನು ಬೇಕೆಂದೇ ಇಡುತ್ತಾರೆ. ಏನನ್ನಾದರೂ 5 ಡೆಸಿಬಲ್ ಏರಿಸಿದರೆ ಪ್ರೀಆಂಪ್‌ನಲ್ಲಿ (ಆ್ಯಪ್‌ನೊಳಗಿನ ಒಟ್ಟು ವಾಲ್ಯೂಮ್) ಅಷ್ಟೇ ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ.

ಗಾಳಿಮಾತು:

ಹೊರಗಿನ ಗದ್ದಲ ತಡೆಯಲು ನಾಯ್ಸ್ ಕ್ಯಾನ್ಸಲಿಂಗ್ ಬೇಕು ಅಂತ ದುಡ್ಡು ಕೂಡಿಡಲು ಹೋಗಬೇಡಿ, ಸರಿಯಾದ ಟಿಪ್ ಹಾಕಿದ ಇನ್-ಇಯರ್ ತಾನೇ ಅರ್ಧ ಗದ್ದಲ ತಡೆಯುತ್ತದೆ. ವೈರಿನ ಪರ ನಾನೇ ಮಾತಾಡುತ್ತಿದ್ದೇನೆ ನೋಡಿ. ಗದ್ದಲ ಕಡಿಮೆಯಾದರೆ ವಾಲ್ಯೂಮ್ ಕೂಡ ತಾನಾಗೇ ಇಳಿಯುತ್ತದೆ, ಅದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತದೆ.

ರಾತ್ರಿಕೇಳುಗ:

ಹತ್ತು ದಿನ ಆದ ಮೇಲೆ ಬಂದೆ. ವೈರ್ ಕಳಚುವ ಇನ್-ಇಯರ್ ಒಂದು, ಡ್ಯಾಕ್ ಇರುವ ಗಿಡ್ಡ ವೈರ್ ಒಂದು ತಗೊಂಡೆ. ಎರಡೂ ಸೇರಿ ಹಳೇ ಇಯರ್‌ಬಡ್‌ನ ಅರ್ಧ ಬೆಲೆಯೂ ಆಗಲಿಲ್ಲ.

ಮೊದಲ ರಾತ್ರಿ ಕೇಳಿ ಅಳುವುದೊಂದೇ ಬಾಕಿ. ತಗಡಿನ ಡಬ್ಬ ಬಡಿದ ಹಾಗೆ. ಆಮೇಲೆ ತಂತಿಪ್ರೇಮಿ ಹೇಳಿದ ಹಾಗೆ ಬೆರಳಿನಿಂದ ಒತ್ತಿದೆ ನೋಡಿ, ತಬಲಾದ ಎಡಗೈ ಎದ್ದು ಬಂತು! ಟಿಪ್ ಬದಲಾಯಿಸುತ್ತಾ ಕೂತು ಕೊನೆಗೆ ಗೊತ್ತಾಗಿದ್ದು ನನ್ನ ಬಲಗಿವಿಗೆ ದೊಡ್ಡದು, ಎಡಗಿವಿಗೆ ನಡುವಿನದ್ದು. ಇಷ್ಟು ವರ್ಷ ಎರಡೂ ಕಿವಿ ಒಂದೇ ಅಳತೆ ಅಂದುಕೊಂಡಿದ್ದೆ. ಈಕ್ವಲೈಜರ್‌ನಲ್ಲಿ ಒಂದೇ ಕಡೆ ಎರಡು ಡೆಸಿಬಲ್ ಇಳಿಸಿದೆ, ಸಸಸ ಹೋಯ್ತು. ಹಾಡುವವರು ಸಾಲಿಗೆ ಮೊದಲು ಉಸಿರು ಎಳೆದುಕೊಳ್ಳುವುದು ಕೇಳುತ್ತಿದೆ.

ಒಂದೇ ಕಿರಿಕಿರಿ. ಮಗ್ಗುಲು ಬದಲಾಯಿಸಿದರೆ ವೈರು ಅಂಗಿಗೆ ಉಜ್ಜಿ ಕಿವಿಯೊಳಗೆ ಗರಗರ ಅನ್ನುತ್ತದೆ. ಇದಕ್ಕೇನಾದರೂ ಇದೆಯಾ?

ತಂತಿಪ್ರೇಮಿ:

ವೈರನ್ನು ನೇರ ಕೆಳಗೆ ಬಿಟ್ಟಿದ್ದೀರಿ ಅಲ್ವಾ? ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ತನ್ನಿ, ಗಲ್ಲದ ಕೆಳಗಿನ ಮಣಿಯನ್ನು ಮೇಲಕ್ಕೆ ಸರಿಸಿ. ಮುಕ್ಕಾಲು ಪಾಲು ನಿಲ್ಲುತ್ತದೆ.

ರಾತ್ರಿಕೇಳುಗ:

ನಿಂತಿತು. ತಮ್ಮನೂ ಒಮ್ಮೆ ಹಾಕಿಕೊಂಡು ಕೇಳಿದ, ಈಗ ವಾಪಸ್ ಕೊಡುತ್ತಿಲ್ಲ.