ಹಸೆ ಚಿತ್ತಾರದಲ್ಲಿ ಕಳವಳಕ್ಕೆ ಜಾಗವಿದೆಯೇ?

ಪ್ರಶ್ನೆ (ಸಾಗರದಿಂದ):
ಮದುವೆ ಮನೆಯ ಗೋಡೆಗೆ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ನೋಡುತ್ತಲೇ ಬೆಳೆದವಳು ನಾನು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು, ನಡುವೆ ವಧೂವರರು. ಅವರಲ್ಲಿ ನಗುವೂ ಕಾಣದು, ಅಳುವೂ ಕಾಣದು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ‘ದಿ ಸ್ಕ್ರೀಮ್’ (ಚೀತ್ಕಾರ) ಚಿತ್ರದಲ್ಲಾದರೋ ಆಕಾಶವೇ ಕೂಗುವಂತಿದೆ. ನಮ್ಮ ಚಿತ್ತಾರ ಮನಸ್ಸಿನ ಕಳವಳವನ್ನು ಹೊರಗಿಡುತ್ತದೆಯೇ, ಇಲ್ಲವೇ ಅದನ್ನು ಓದಲು ನಾವು ಕಲಿತಿಲ್ಲವೇ?

ಉತ್ತರ 1 (ತೀರ್ಥಹಳ್ಳಿಯಿಂದ):
ಭಾವವನ್ನು ಮುಖದಲ್ಲೇ ಹುಡುಕಬೇಕಿಲ್ಲ. ಬಾಲ್ಯದಿಂದಲೂ ಭ್ರಮೆಗಳನ್ನು ಕಂಡ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ, 1977ರಿಂದ ಟೋಕಿಯೊದ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ನೆಲೆಸಿ, ಚುಕ್ಕಿಗಳನ್ನು ಮತ್ತೆ ಮತ್ತೆ ಬರೆಯುತ್ತಲೇ ತಮ್ಮ ಭಯವನ್ನು ಎದುರಿಸಿದರು. ಪುಂಡಿನಾರಿನ ಕುಂಚ ಹಿಡಿದು ಒಂದೇ ಗೆರೆಯನ್ನು ನೂರು ಸಲ ಎಳೆಯುವ ಕೈಗೂ ಅಂಥ ಸಮಾಧಾನ ಸಿಗುತ್ತಿರಬಹುದು ಎಂಬುದು ನನ್ನ ಊಹೆ.

ಉತ್ತರ 2 (ಶಿವಮೊಗ್ಗದಿಂದ):
ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಗೋಡೆಗೆ ಗೋಡೆಯನ್ನೇ ಹೋಲಿಸೋಣ. ಕಾಯಿಲೆಯಿಂದ ಕಿವುಡನಾಗಿದ್ದ ಸ್ಪೇನಿನ ಚಿತ್ರಕಾರ ಗೋಯಾ, 1819ರಿಂದ 1823ರ ನಡುವೆ ಮ್ಯಾಡ್ರಿಡ್ ಬಳಿಯ ತನ್ನ ಮನೆಯ ಗೋಡೆಗಳ ಮೇಲೆ 14 ಕರಾಳ ಚಿತ್ರಗಳನ್ನು ಬರೆದ. ಅವನ್ನು ಯಾರೂ ಬರೆಸಿರಲಿಲ್ಲ, ಅವನು ಯಾರಿಗೂ ಮಾರಲಿಲ್ಲ. ಚಿತ್ತಾರದ ಗೋಡೆಯಾದರೋ ನೆಂಟರಿಷ್ಟರೆಲ್ಲ ಬಂದು ನೋಡಲೆಂದೇ ಇರುವಂಥದ್ದು. ಅಲ್ಲಿ ಒಬ್ಬಳ ದುಃಖಕ್ಕಿಂತ ಮನೆತನದ ಹಾರೈಕೆ ದೊಡ್ಡದು.

ಪ್ರಶ್ನೆ ಕೇಳಿದವರು:
ಗೋಯಾನ ಮಾತು ಮನಸ್ಸಿಗೆ ನಾಟಿತು. ಆದರೆ ಚಿತ್ತಾರ ಬರೆಯುವಾಗ ಹಾಡುವ ರೂಢಿಯೂ ಇದೆಯಲ್ಲವೇ? ಮಗಳನ್ನು ಕಳುಹಿಸಿಕೊಡುವ ಸಂಕಟ ಗೆರೆಯನ್ನು ಬಿಟ್ಟು ಹಾಡಿಗೆ ಸೇರಿರಬಹುದು. ಮುಂದಿನ ಮದುವೆಯಲ್ಲಿ ಅತ್ತೆಯವರ ಪಕ್ಕದಲ್ಲಿಯೇ ಕುಳಿತು ಕೇಳುತ್ತೇನೆ.