ಹಳೆಯ ನೋವನ್ನು ಬರೆದು ಇಳಿಸಿಕೊಳ್ಳೋದು ಹೇಗೆ? ಎಷ್ಟು ದಿನ?

ಪ್ರಶ್ನೆ:
ಮುರಿದುಹೋದ ಸಂಬಂಧ, ಕೈತಪ್ಪಿದ ಕೆಲಸ, ಆಡಬಾರದಿದ್ದ ಒಂದು ಮಾತು ತಲೆಯಲ್ಲಿ ಸುತ್ತುತ್ತಲೇ ಇದ್ದರೆ "ಬರೆದುಬಿಡಿ" ಅಂತಾರೆ. ಆದರೆ ದಿನಾ ಡೈರಿ ಬರೆದರೂ ಕೆಲವೊಮ್ಮೆ ಗಾಯ ಇನ್ನಷ್ಟು ಹಸಿಯಾಗುತ್ತೆ. ಇದಕ್ಕೊಂದು ಕ್ರಮ ಇದೆಯಾ? ರಾತ್ರಿ ಮಲಗಿದ ಮೇಲೆ ನುಗ್ಗಿ ಬರುವ ಯೋಚನೆಗೆ ಏನು ಮಾಡೋದು? ಬರೆದ ಹಾಳೆಗಳನ್ನು ಇಟ್ಟುಕೊಳ್ಳಬೇಕಾ, ಹರಿದು ಹಾಕಬೇಕಾ?

ಉತ್ತರ 1:
ಕ್ರಮ ಇದೆ, ಅದು ಡೈರಿಯಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಹೋದ್ಯೋಗಿ ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ನಡೆದದ್ದರ ಜೊತೆಗೆ ಅದರ ಬಗ್ಗೆ ಅನಿಸಿದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಫಲ ಸಾಧಾರಣವಾಗಿಯೇ ಕಂಡಿದೆ, ಎಲ್ಲರಿಗೂ ಒಗ್ಗಿಲ್ಲ. ಆದರೂ 4 ದಿನ ಕೊಟ್ಟು ನೋಡಲು ಯೋಗ್ಯ.

ಒಂದೇ ವಿಷಯ ಹಿಡಿಯಿರಿ. 15ರಿಂದ 20 ನಿಮಿಷ ಪೆನ್ನು ನಿಲ್ಲಬಾರದು. ಕಾಗುಣಿತ ಕೆಟ್ಟರೆ ಕೆಡಲಿ, ಮಾತು ಮುಗಿದರೆ ಹಿಂದಿನ ಸಾಲನ್ನೇ ಮತ್ತೆ ಬರೆಯಿರಿ. ಮನೆಯಲ್ಲಿ ಆಡುವ ಮಾತಲ್ಲೇ ಬರೆಯಿರಿ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ. ಗ್ರಂಥಸ್ಥ ಕನ್ನಡಕ್ಕೆ ಹೋದರೆ ನೋವು ದೂರ ನಿಂತುಬಿಡುತ್ತೆ.

ಕೆಡುವುದು ಮೆಲುಕು ಹಾಕುವುದರಲ್ಲಿ. ಮೊದಲ ದಿನ "ಎಲ್ಲರೆದುರು ಹಾಗಂದ" ಅಂತ ಇದ್ದದ್ದು ನಾಲ್ಕನೇ ದಿನವೂ "ಹಾಗಂದ" ಅಂತಲೇ ಇದ್ದರೆ ಏನೂ ಕರಗಿಲ್ಲ. "ಅವತ್ತು ಸುಮ್ಮನಿದ್ದೆ, ಯಾಕಂದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು" ಎನ್ನುವ ಸಾಲು ಬಂದಿತೆಂದರೆ ಗಂಟು ಸಡಿಲವಾಗುತ್ತಿದೆ. ಪೆನ್ನೆಬೇಕರ್ ಬರಹಗಳ ಪದಗಳನ್ನು ಎಣಿಸಿದಾಗಲೂ, "ಯಾಕಂದ್ರೆ", "ಈಗ ಗೊತ್ತಾಯ್ತು" ಥರದ ಮಾತು ದಿನದಿಂದ ದಿನಕ್ಕೆ ಹೆಚ್ಚಾದವರಿಗೇ ಲಾಭ ಹೆಚ್ಚು. ಸಿಕ್ಕಿಹಾಕಿಕೊಂಡರೆ ಮೂರನೇ ದಿನ "ನಾನು" ಬಿಟ್ಟು "ಅವಳು" ಅಥವಾ "ಅವನು" ಅಂತ ಬರೆದು ನೋಡಿ.

ಬರೆದ ಮೇಲೆ ಒಂದೆರಡು ಗಂಟೆ ಮನಸ್ಸು ಭಾರವಾಗೋದು ಸಹಜ. ಅದಕ್ಕೇ ಮಲಗುವ ಮುಂಚೆ ಬೇಡ. ಸಂಜೆ ಬರೆದು, ಒಂದು ಸುತ್ತು ನಡೆದು ಬನ್ನಿ.

ಉತ್ತರ 2:
ರಾತ್ರಿಯದ್ದಕ್ಕೆ: "ಯೋಚಿಸಬೇಡ" ಅಂತ ಮನಸ್ಸನ್ನು ಗದರಬೇಡಿ. 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ತಂಡ ಕೆಲವರಿಗೆ, 5 ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದಿತ್ತು. ಗಂಟೆ ನಿಲ್ಲಲಿಲ್ಲ. ಆಮೇಲೆ ನೆನೆಯಿರಿ ಅಂದಾಗ, ಮೊದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಅದು ಹೆಚ್ಚು ಬಂತು. ತಡೆಯುವ ಬದಲು ಮುಂದಕ್ಕೆ ಹಾಕಿ. ದಿಂಬಿನ ಪಕ್ಕ ಚೀಟಿ ಇಟ್ಟು ಎರಡೇ ಪದ ಬರೆಯಿರಿ, "ಅಣ್ಣ, ಜಗಳ" ಅಂತ. ಮರುದಿನ ಸಂಜೆ 5.30ಕ್ಕೆ, ಒಂದೇ ಕುರ್ಚಿಯಲ್ಲಿ 15 ನಿಮಿಷ ಅದನ್ನು ಯೋಚಿಸಿ. ಅಲ್ಲಿ "ಯಾಕೆ ಹೀಗಾಯ್ತು" ಬೇಡ, "ಈ ವಾರ ಏನು ಮಾಡಬಹುದು" ಅಂತ ಕೇಳಿ. ಎಷ್ಟೋ ಚೀಟಿ ಸಂಜೆಯ ಹೊತ್ತಿಗೆ ಸಪ್ಪೆಯಾಗಿರುತ್ತೆ.

ಫೋನನ್ನೂ ನೋಡಿಕೊಳ್ಳಿ, ಅದು ಹಳೆಯ ಫೋಟೋಗಳನ್ನು ತಾನಾಗಿ ಎದುರಿಗೆ ತರುತ್ತೆ. ಗೂಗಲ್ ಫೋಟೋಸ್‌ನ ನೆನಪುಗಳ ಸೆಟ್ಟಿಂಗ್‌ನಲ್ಲಿ ವ್ಯಕ್ತಿಯನ್ನೂ ದಿನಾಂಕವನ್ನೂ ಮರೆಮಾಡಬಹುದು. ಸಿಟ್ಟಿನಲ್ಲಿ ಎಲ್ಲ ಅಳಿಸಬೇಡಿ.

ಉತ್ತರ 3:
ತಪ್ಪು ನಮ್ಮದೇ ಆಗಿದ್ದರೆ ಬರೆದರಷ್ಟೇ ಸಾಲದು, ಕ್ಷಮೆ ಕೇಳಬೇಕು. ಏನು ಮಾಡಿದೆ, ಅವರಿಗೆ ಏನು ನಷ್ಟವಾಯ್ತು, ಈಗ ಏನು ಸರಿಪಡಿಸುತ್ತೇನೆ, ಇಷ್ಟೇ. "ಆದರೆ" ಬಂದರೆ ಕ್ಷಮೆ ಕೆಟ್ಟಿತು. ಸಂಪರ್ಕವೇ ಬೇಡ ಅಂದವರಿಗೆ ಕಳಿಸಬೇಡಿ.

ಉತ್ತರ 4:
ಹಾಳೆ ಹರಿಯಿರಿ, ಇಡಿ, ನಿಮ್ಮಿಷ್ಟ. ಯಾರೂ ಓದಲ್ಲ ಅನ್ನುವ ಧೈರ್ಯ ಇದ್ದರೇ ನಿಜ ಬರುತ್ತೆ, ಅದಕ್ಕೆ ಹರಿಯೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: ಸಾವು, ಅಪಘಾತ ಆಗಿ ಕೆಲವೇ ವಾರಗಳಾಗಿದ್ದರೆ ಈ ಬರವಣಿಗೆ ಬೇಡ. ಬರೆಯುವಾಗ ತಡೆಯಲಾಗದಂತಾದರೆ ಅಲ್ಲೇ ನಿಲ್ಲಿಸಿ. ಎರಡು ವಾರ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನಿಸಿದರೆ ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.